ಎರಡು ಸಲ ಬೀಗ ಬಿದ್ದ ಬರಹ: ಪಂಡಿತ ಸುಂದರಲಾಲರ ಜೀವನ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಹೈದರಾಬಾದ್ ವಿಮೋಚನೆಯ ಪಾಠಕ್ಕೆ ಮೊದಲು ಪಂಡಿತ ಸುಂದರಲಾಲರ ಜೀವನವನ್ನು ತಿಳಿದಿರುವುದು ಒಳ್ಳೆಯದು.

ಸುಂದರಲಾಲರು ಹುಟ್ಟಿದ್ದು ಇಂದಿನ ಉತ್ತರ ಪ್ರದೇಶದ ಖತೌಲಿಯಲ್ಲಿ. ಅಲಹಾಬಾದಿನಲ್ಲಿ ಪತ್ರಿಕೆ ನಡೆಸಿದರು; ಗಾಂಧೀಜಿಯವರ ಚಳವಳಿ ಸೇರಿ ಸೆರೆವಾಸ ಕಂಡರು. 1929ರಲ್ಲಿ ‘ಭಾರತ್ ಮೇಂ ಅಂಗ್ರೇಜಿ ರಾಜ್’ ಎಂಬ ಹಿಂದಿ ಗ್ರಂಥ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮನ ಆಳ್ವಿಕೆ ಮುಗಿಯಿತು. ರಜಾಕಾರರ ಹಿಂಸೆಯಿಂದ ನೊಂದ ಜನ ನಿಟ್ಟುಸಿರು ಬಿಟ್ಟರು. ಆದರೆ ಅದರ ಬೆನ್ನಿಗೇ ಹಲವೆಡೆ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಭಾರತ ಸರ್ಕಾರ ಸುಂದರಲಾಲರನ್ನೂ ಖಾಜಿ ಅಬ್ದುಲ್ ಗಫಾರರನ್ನೂ ಸದ್ಭಾವನಾ ತಂಡವಾಗಿ ಕಳಿಸಿತು. ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಿದರು. ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿದರು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ, ಈ ಮೂರು ತಾಲ್ಲೂಕುಗಳಿರುವ ಗುಲ್ಬರ್ಗವೂ ಒಂದು. ರಜಾಕಾರರ ಅಪರಾಧಗಳನ್ನೂ, ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನೂ ಅವರು ಮರೆಯಲಿಲ್ಲ.

ಆ ವರದಿ ಪ್ರಕಟವಾಗಲಿಲ್ಲ. ಸೇನೆ, ಪೊಲೀಸರ ನಡತೆ ಕುರಿತ ಟಿಪ್ಪಣಿಯನ್ನಂತೂ ಗೌಪ್ಯವೆಂದೇ ಬೇರೆಯಾಗಿ ಲಗತ್ತಿಸಲಾಗಿತ್ತು. ಸರ್ಕಾರಿ ಕಡತಗಳಲ್ಲಿ ಅತಿ ರಹಸ್ಯ, ರಹಸ್ಯ, ಗೌಪ್ಯ, ನಿರ್ಬಂಧಿತ ಎಂಬ ದರ್ಜೆಗಳಿವೆ. ದರ್ಜೆ ಏರಿದಷ್ಟೂ ನೋಡಬಲ್ಲವರು ಕಡಿಮೆ. ದೇಶದ ಭದ್ರತೆಗೆ ಇದು ಬೇಕು. ಆದರೆ ಗುಟ್ಟಿನ ಕಾಲ ಮುಗಿದ ಮೇಲೂ ಕಡತ ಮುಚ್ಚಿಯೇ ಇದ್ದರೆ ಅದರ ಜಾಗದಲ್ಲಿ ವದಂತಿ ಬೆಳೆಯುತ್ತದೆ. ಒಂದು ಮನೆಯಲ್ಲಿ ಒಂದು ಕಥೆ, ಪಕ್ಕದ ಮನೆಯಲ್ಲಿ ಇನ್ನೊಂದು.

ಸುಂದರಲಾಲರು 1981ರಲ್ಲಿ ತೀರಿಕೊಂಡರು. ವರದಿಯ ಕೆಲವು ಭಾಗಗಳು ಪುಸ್ತಕಗಳಲ್ಲಿ ಬಂದಿದ್ದರೂ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿದ್ದು 2013ರಲ್ಲಿ. ಒಮ್ಮೆ ಪರಕೀಯ ಸರ್ಕಾರ, ಇನ್ನೊಮ್ಮೆ ಅವರೇ ಹೋರಾಡಿ ತಂದ ಸರ್ಕಾರ ಅವರ ಬರಹಕ್ಕೆ ಬೀಗ ಹಾಕಿತ್ತು.

ನಮ್ಮ ತರಗತಿಯಲ್ಲಿ ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಸೆಪ್ಟೆಂಬರ್ 17ರ ಸಂತೋಷವನ್ನು ಹೇಳುವಾಗ ಅದರ ನಂತರದ ನೋವನ್ನೂ ಹೇಳಬೇಕು. ಯಾವ ಮಗುವೂ ತಲೆ ತಗ್ಗಿಸದಂತೆ ಹೇಳಬೇಕು. ಪಾಠ ಯೋಜನೆ ಬರೆಯುವಾಗ ಇದು ನೆನಪಿರಲಿ.