ಚುಂಗ್ ಲಿಂಗ್ ಸೂ

ಚುಂಗ್ ಲಿಂಗ್ ಸೂ (ಏಪ್ರಿಲ್ 2, 1861 – ಮಾರ್ಚ್ 24, 1918) ಎಂಬುದು ಅಮೆರಿಕದ ಜಾದೂಗಾರ ವಿಲಿಯಂ ಎಲ್ಸ್‌ವರ್ತ್ ರಾಬಿನ್‌ಸನ್ ಅವರ ರಂಗನಾಮ. ಹಾಡು, ನೃತ್ಯ, ಹಾಸ್ಯ ಮತ್ತು ಜಾದೂಗಳನ್ನು ಒಂದೇ ವೇದಿಕೆಯಲ್ಲಿ ತೋರಿಸುತ್ತಿದ್ದ ಬ್ರಿಟನ್ನಿನ ಮ್ಯೂಸಿಕ್ ಹಾಲ್‌ಗಳಲ್ಲಿ ಅವರು 1900ರಿಂದ ಕೊನೆಯವರೆಗೂ ಚೀನೀ ಜಾದೂಗಾರರೆಂದೇ ಹೆಸರಾಗಿದ್ದರು.

ಆರಂಭಿಕ ಜೀವನ

ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದ ರಾಬಿನ್‌ಸನ್, ಹ್ಯಾರಿ ಕೆಲ್ಲರ್ ಮತ್ತು ಅಲೆಕ್ಸಾಂಡರ್ ಹರ್ಮನ್ ಎಂಬ ಖ್ಯಾತ ಜಾದೂಗಾರರ ಸಹಾಯಕರಾಗಿದ್ದರು. ಜಾದೂವಿನ ಉಪಕರಣಗಳನ್ನು ರೂಪಿಸುವುದರಲ್ಲಿ ಅವರು ನಿಪುಣರಾಗಿದ್ದರು. ಆದರೆ ಮಾತಿನಿಂದ ಪ್ರೇಕ್ಷಕರನ್ನು ರಂಜಿಸುವ ಕಲೆ ಅವರಿಗೆ ಒಲಿದಿರಲಿಲ್ಲ.

1898ರಲ್ಲಿ ಚೀನಾದ ಜಾದೂಗಾರ ಚಿಂಗ್ ಲಿಂಗ್ ಫೂ ಅಮೆರಿಕಕ್ಕೆ ಬಂದರು. ಬಟ್ಟೆಯ ಮರೆಯಿಂದ ನೀರು ತುಂಬಿದ ದೊಡ್ಡ ಬೋಗುಣಿಯನ್ನು ಹೊರತೆಗೆಯುವ ಅವರ ಚಮತ್ಕಾರವನ್ನು ಮಾಡಿ ತೋರಿಸಿದವರಿಗೆ 1,000 ಡಾಲರ್ ಬಹುಮಾನ ಘೋಷಿಸಲಾಗಿತ್ತು. ರಾಬಿನ್‌ಸನ್ ಸಿದ್ಧರಾಗಿ ಮುಂದೆ ಬಂದರೂ ಅವರಿಗೆ ಅವಕಾಶ ದೊರೆಯಲಿಲ್ಲ.

ಚೀನೀ ವೇಷ

1900ರಲ್ಲಿ ಪ್ಯಾರಿಸ್ಸಿನ ಫೋಲಿ ಬರ್ಜೇರ್ ರಂಗಮಂದಿರಕ್ಕೆ ಚೀನೀ ಜಾದೂಗಾರರೊಬ್ಬರು ಬೇಕಾದಾಗ ರಾಬಿನ್‌ಸನ್ ಆ ವೇಷ ಧರಿಸಿದರು. ಅದೇ ವರ್ಷ ಲಂಡನ್ನಿನ ಅಲ್‌ಹ್ಯಾಂಬ್ರದಲ್ಲಿ ಚುಂಗ್ ಲಿಂಗ್ ಸೂ ಎಂಬ ಹೆಸರಿನಿಂದ ಕಾಣಿಸಿಕೊಂಡರು. ತಲೆ ಬೋಳಿಸಿ, ಜಡೆ ಇಳಿಬಿಟ್ಟು, ರೇಷ್ಮೆಯ ನಿಲುವಂಗಿ ತೊಟ್ಟ ಅವರು ವೇದಿಕೆಯ ಮೇಲೆ ಮೌನವಾಗಿರುತ್ತಿದ್ದರು. ಪತ್ರಕರ್ತರೊಡನೆ ದುಭಾಷಿಯ ಮೂಲಕವೇ ಮಾತನಾಡುತ್ತಿದ್ದರು. ಹಿಂದೆ ಕೊರತೆಯಾಗಿದ್ದ ಮಾತು ಈಗ ಬೇಕಾಗಿಯೇ ಇರಲಿಲ್ಲ. ಜೊತೆಗಾತಿ ಆಲಿವ್ ಸಹ ಸೂಯಿ ಸೀನ್ ಎಂಬ ಚೀನೀ ಹೆಸರಿನಲ್ಲಿ ಅಭಿನಯಿಸುತ್ತಿದ್ದರು.

1905ರ ಜನವರಿಯಲ್ಲಿ ಫೂ ಲಂಡನ್ನಿಗೆ ಬಂದು, ಸೂ ಚೀನೀಯರೇ ಅಲ್ಲವೆಂದು ಆರೋಪಿಸಿ ಸವಾಲು ಹಾಕಿದರು. ಪತ್ರಿಕಾ ಕಚೇರಿಯೊಂದರಲ್ಲಿ ಸ್ಪರ್ಧೆ ಏರ್ಪಟ್ಟಿತು. ಎದುರಾಳಿಯು ಮೊದಲು ತಾನು ಚೀನೀಯನೆಂದು ಸಾಬೀತುಪಡಿಸಬೇಕೆಂದು ಪಟ್ಟು ಹಿಡಿದ ಫೂ ಅಲ್ಲಿಗೆ ಬರಲಿಲ್ಲ. ಬಂದು ಪ್ರದರ್ಶನ ನೀಡಿದ ಸೂ ಗೆದ್ದವರೆನಿಸಿದರು. ಫೂ ಹೇಳಿದ್ದು ನಿಜವಾಗಿದ್ದರೂ ಲಂಡನ್ನಿನ ಪ್ರೇಕ್ಷಕರು ಅನುಕರಿಸಿದವರನ್ನೇ ಮೆಚ್ಚಿದರು.

ಮರಣ

ಹಾರಿಬಂದ ಗುಂಡುಗಳನ್ನು ತಟ್ಟೆಯಲ್ಲಿ ಹಿಡಿಯುವುದು ಸೂ ಅವರ ಪ್ರಸಿದ್ಧ ಪ್ರದರ್ಶನವಾಗಿತ್ತು. ಬಂದೂಕಿನ ಮುಖ್ಯ ನಳಿಕೆಯಲ್ಲಿ ಗುಂಡು ಉಳಿದು, ಕೆಳಗಿನ ಗುಪ್ತ ನಳಿಕೆಯ ಮದ್ದು ಮಾತ್ರ ಸಿಡಿಯುವಂತೆ ಅದನ್ನು ಮಾರ್ಪಡಿಸಲಾಗಿತ್ತು. ಮಾರ್ಚ್ 23, 1918ರಂದು ಲಂಡನ್ನಿನ ವುಡ್ ಗ್ರೀನ್ ಎಂಪೈರ್‌ನಲ್ಲಿ, ಸವೆದಿದ್ದ ಭಾಗದ ಮೂಲಕ ಕಿಡಿ ಮುಖ್ಯ ನಳಿಕೆಗೂ ತಲುಪಿ, ಗುಂಡು ಅವರ ಎದೆಗೆ ತಗುಲಿತು. ಪರದೆ ಇಳಿಸುವಂತೆ ಅವರು ಇಂಗ್ಲಿಷಿನಲ್ಲಿ ಕೂಗಿಕೊಂಡರು. ಮರುದಿನ ಆಸ್ಪತ್ರೆಯಲ್ಲಿ ನಿಧನರಾದರು. ವಿಚಾರಣೆಯಲ್ಲಿ ಇದು ಆಕಸ್ಮಿಕ ಸಾವೆಂದು ತೀರ್ಮಾನವಾಯಿತು. ಅನೇಕ ಪ್ರೇಕ್ಷಕರಿಗೆ ಅವರ ನಿಜವಾದ ಹೆಸರು ತಿಳಿದದ್ದು ಆ ಬಳಿಕವೇ.