ವರ್ಣಭೇದವನ್ನು ಹಿಂದಿಕ್ಕಿದ ಸೈಕಲ್ ಸವಾರ ಮೇಜರ್ ಟೇಲರ್

ಸೈಕಲ್ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಪಟ್ಟವೇರಿದ ಮೊದಲ ಆಫ್ರಿಕನ್-ಅಮೆರಿಕನ್ ಕ್ರೀಡಾಪಟು ಮಾರ್ಷಲ್ ವಾಲ್ಟರ್ ಟೇಲರ್ 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಜನಿಸಿದರು. ತಂದೆ ಶ್ರೀಮಂತ ಕುಟುಂಬವೊಂದರ ಸಾರೋಟು ಚಾಲಕ. ಆ ಮನೆಯವರು ಕೊಟ್ಟ ಸೈಕಲ್ ಬಾಲಕನ ಬದುಕನ್ನೇ ಬದಲಿಸಿತು. ಸೈನಿಕನ ಉಡುಪು ಧರಿಸಿ ಸೈಕಲ್ ಅಂಗಡಿಯ ಮುಂದೆ ಕಸರತ್ತು ತೋರುತ್ತಿದ್ದ ಆತನಿಗೆ ‘ಮೇಜರ್’ ಎಂಬ ಹೆಸರು ಅಂಟಿಕೊಂಡಿತು.

1894ರಲ್ಲಿ ಅಮೆರಿಕದ ಸೈಕಲ್ ಸವಾರರ ರಾಷ್ಟ್ರೀಯ ಸಂಘವು ಬಿಳಿಯರಲ್ಲದವರಿಗೆ ಸದಸ್ಯತ್ವ ನಿರಾಕರಿಸಿತು. ಟ್ರ್ಯಾಕ್‌ನಲ್ಲಿ ಎದುರಾಳಿಗಳು ಒಟ್ಟುಗೂಡಿ ಟೇಲರ್ ಅವರನ್ನು ಅಡ್ಡಗಟ್ಟುತ್ತಿದ್ದರು. ಹಲವು ಹೋಟೆಲುಗಳು ಕೋಣೆ ಕೊಡುತ್ತಿರಲಿಲ್ಲ. ಬಿಳಿಯ ಪೋಷಕ ಲೂಯಿಸ್ ಮಂಗರ್ ಬೆಂಬಲದಿಂದ ಬೆಳೆದ ಅವರು 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಸ್ಪರ್ಧೆ ಗೆದ್ದು ವಿಶ್ವ ಚಾಂಪಿಯನ್ ಆದರು. 1901ರಲ್ಲಿ ಯುರೋಪು ಅವರನ್ನು ಆದರದಿಂದ ಬರಮಾಡಿಕೊಂಡಿತು.

1910ರಲ್ಲಿ ನಿವೃತ್ತರಾದ ಬಳಿಕ ಗಳಿಸಿದ ಸಂಪತ್ತು ಕರಗಿತು. 1932ರಲ್ಲಿ ಷಿಕಾಗೊದಲ್ಲಿ ಕಡುಬಡತನದಲ್ಲಿ ನಿಧನರಾದ ಅವರನ್ನು ಹೆಸರಿಲ್ಲದ ಗೋರಿಯಲ್ಲಿ ಹೂಳಲಾಯಿತು. 1948ರಲ್ಲಿ ಹಳೆಯ ಸೈಕಲ್ ಸ್ಪರ್ಧಿಗಳೇ ಮುಂದಾಗಿ ಅವರಿಗೆ ಗೌರವದ ಸಮಾಧಿ ಕಲ್ಪಿಸಿದರು. ಅಂದಿನ ನಿರ್ಬಂಧವನ್ನು ಸಂಘವು 1999ರಲ್ಲಿ ವಿಧಿವತ್ತಾಗಿ ತಿರಸ್ಕರಿಸಿತು.

ಇಂದು ಅಮೆರಿಕದ ಹಲವು ನಗರಗಳಲ್ಲಿ ಅವರ ಹೆಸರಿನ ಸೈಕಲ್ ಕ್ಲಬ್‌ಗಳಿವೆ. ಗೆಜ್ಜಲಗೆರೆ ಹಾದು ಬೆಂಗಳೂರಿನಿಂದ ಮೈಸೂರಿಗೆ ಪೆಡಲ್ ತುಳಿಯುವ ನಮ್ಮ ಬಳಗಗಳಿಗೂ, ಯಾರನ್ನೂ ಹೊರಗಿಡಬಾರದೆಂಬ ಪಾಠ ಈ ಬದುಕಿನಲ್ಲಿದೆ.