ಗಾಜನೂರಿನ ಮುತ್ತುರಾಜ, ಬೆಳ್ಳಿತೆರೆಯ ಬಬ್ರುವಾಹನ

ತಾಳವಾಡಿ: ಗೋಡೆ ಹತ್ತುವ, ಬಲೆ ಬೀಸುವ ಹದಿಹರೆಯದ ಹುಡುಗ ಸ್ಪೈಡರ್‌ಮ್ಯಾನ್ 1962ರಲ್ಲಿ ಅಮೆರಿಕದ ಕಾಮಿಕ್ಸ್ ಪುಸ್ತಕದಲ್ಲಿ ಹುಟ್ಟಿದವನು. 2002, 2012, 2017 ಎಂದು ಮತ್ತೆ ಮತ್ತೆ ಹೊಸ ನಟರೊಂದಿಗೆ ಅವನು ತೆರೆಗೆ ಬಂದ. ಹೆತ್ತವರ ನೆರಳಿಲ್ಲದೆ ಬೆಳೆದ ಹುಡುಗ ಮಹಾ ಬಲಶಾಲಿಯಾಗುವ ಕಥೆಗೆ ಎಲ್ಲ ದೇಶಗಳಲ್ಲೂ ಪ್ರೇಕ್ಷಕರಿದ್ದಾರೆ. ಕನ್ನಡಿಗರಿಗೆ ಅಂಥ ಹುಡುಗ ಹೊಸಬನೇನಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ, ಯಕ್ಷಗಾನದಲ್ಲಿ ತಂದೆಯನ್ನೇ ಎದುರಿಸಿ ಗೆದ್ದ ಬಬ್ರುವಾಹನ ನಮ್ಮವನೇ. 1977ರಲ್ಲಿ ಅವನಿಗೆ ತೆರೆಯ ಮೇಲೆ ಹೊಸ ಜೀವ ಕೊಟ್ಟವರು ಇದೇ ತಾಳವಾಡಿ ಸೀಮೆಯ ಗಾಜನೂರಿನ ಮಗ, ವರನಟ ಡಾ. ರಾಜ್‌ಕುಮಾರ್.

ಅವರು ಹುಟ್ಟಿದ್ದು 1929ರ ಏಪ್ರಿಲ್ 24ರಂದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ಮುತ್ತತ್ತಿರಾಯನ ಹೆಸರಿನಲ್ಲಿ ಮಗುವಿಗೆ ಮುತ್ತುರಾಜ ಎಂದು ಹೆಸರಿಟ್ಟರು. ಗಾಜನೂರು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಂದೆಯ ಊರು ಸಿಂಗಾನಲ್ಲೂರು ಇರುವ ಕೊಳ್ಳೇಗಾಲ ತಾಲ್ಲೂಕು ಕೂಡ ಅದೇ ಜಿಲ್ಲೆಗೆ ಸೇರಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಹೀಗೆ ಹುಟ್ಟಿದ ಊರು ಒಂದು ರಾಜ್ಯಕ್ಕೆ, ತಂದೆಯ ಊರು ಇನ್ನೊಂದು ರಾಜ್ಯಕ್ಕೆ ಸೇರಿದವು. ಅಷ್ಟರಲ್ಲಿ ಮುತ್ತುರಾಜ ರಾಜ್‌ಕುಮಾರ್ ಆಗಿ ಎರಡು ವರ್ಷ ಕಳೆದಿತ್ತು.

ಪುಟ್ಟಸ್ವಾಮಯ್ಯನವರು ರಂಗನಟರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ರೌದ್ರ ಪಾತ್ರಗಳಿಗೆ ಹೆಸರಾದವರು. ಮನೆಯಲ್ಲಿ ಬಡತನವಿತ್ತು. ಹುಡುಗ ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ತಂದೆಯ ಹಿಂದೆ ಕಂಪನಿ ಸೇರಿದ. ನಾಟಕ ಕಂಪನಿಯೇ ಅವನಿಗೆ ಪಾಠಶಾಲೆಯಾಯಿತು. ಊರೂರು ಅಲೆಯುವ ಆ ಬದುಕಿನಲ್ಲಿ ಕಂದಪದ್ಯ, ರಂಗಗೀತೆ, ಪುರಾಣದ ಕಥೆಗಳು ಕೇಳಿ ಕೇಳಿಯೇ ಬಾಯಿಗೆ ಬಂದವು. ಮುಂದೆ ನಾಡಿಗೆ ನಾಡೇ ಮೆಚ್ಚಿದ ಆ ಸ್ಪಷ್ಟ ಕನ್ನಡ ಉಚ್ಚಾರಣೆಗೆ ತಳಪಾಯ ಬಿದ್ದದ್ದು ಅಲ್ಲಿಯೇ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದ 'ಬೇಡರ ಕಣ್ಣಪ್ಪ' ತೆರೆಕಂಡಿತು. ಮುತ್ತುರಾಜ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ಮಗನನ್ನು ರಂಗಕ್ಕೆ ಹತ್ತಿಸಿದ ಪುಟ್ಟಸ್ವಾಮಯ್ಯನವರು ಆ ಹೊತ್ತಿಗೆ ತೀರಿಕೊಂಡಿದ್ದರು. ಮಗ ನಾಯಕನಟನಾದದ್ದನ್ನು ನೋಡುವ ಭಾಗ್ಯ ತಂದೆಗೆ ಸಿಗಲಿಲ್ಲ.

ಆ ಮೇಲೆ ಸುಮಾರು ಐದು ದಶಕಗಳಲ್ಲಿ 200ಕ್ಕೂ ಹೆಚ್ಚು ಚಿತ್ರಗಳು ಬಂದವು. ಹೊರಗಿನಿಂದ ಬಂದ ನಾಯಕನನ್ನೂ ನಮ್ಮವನನ್ನಾಗಿ ಮಾಡಿಕೊಳ್ಳುವುದು ರಾಜ್‌ಕುಮಾರ್ ಅವರಿಗೆ ಕರಗತವಾಗಿತ್ತು. ಜೇಮ್ಸ್ ಬಾಂಡ್ ಜಗತ್ತಿನಾದ್ಯಂತ ಹೆಸರು ಮಾಡಿದ್ದ ಕಾಲದಲ್ಲಿ, 1968ರಲ್ಲಿ, ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ'ಯಲ್ಲಿ ಅವರು ಪತ್ತೇದಾರ ಸಿಐಡಿ 999 ಆದರು. ಕೈಯಲ್ಲಿ ಪಿಸ್ತೂಲು, ಮೈಮೇಲೆ ಕೋಟು ಇದ್ದರೂ ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ನಾಯಕನಾಗಿಯೇ ಉಳಿದರು. 1972ರ 'ಬಂಗಾರದ ಮನುಷ್ಯ'ದಲ್ಲಿ ಅದೇ ನಟ ಮಣ್ಣು ನಂಬಿದ ರೈತನಾಗಿ ಕಾಣಿಸಿಕೊಂಡರು.

'ಬಬ್ರುವಾಹನ' ಚಿತ್ರವನ್ನು ನಿರ್ದೇಶಿಸಿದವರು ಹುಣಸೂರು ಕೃಷ್ಣಮೂರ್ತಿ. ಕಥೆ ಹಳೆಯದೇ. ಅಶ್ವಮೇಧದ ಕುದುರೆಯ ಹಿಂದೆ ಬಂದ ಅರ್ಜುನನನ್ನು ಮಗ ಬಬ್ರುವಾಹನ ವಿನಯದಿಂದ ಬರಮಾಡಿಕೊಳ್ಳುತ್ತಾನೆ. ಅರ್ಜುನ ಅವನನ್ನು ಮಗನೆಂದು ಒಪ್ಪದೆ ಹೀಯಾಳಿಸುತ್ತಾನೆ. ಅಲ್ಲಿಂದ ಯುದ್ಧ. ಇದರಲ್ಲಿ ಹೊಸತೆಂದರೆ ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ಐವತ್ತರ ಸಮೀಪದಲ್ಲಿದ್ದ ನಟ ಎಳೆಯ ವೀರನಾಗಿ ತನ್ನೆದುರು ತಾನೇ ನಿಂತು ಕಾದಾಡಬೇಕಿತ್ತು. ಕಂಪ್ಯೂಟರ್ ಇಲ್ಲದ ಕಾಲ ಅದು. ಒಂದೇ ಚೌಕಟ್ಟಿನೊಳಗೆ ಇಬ್ಬರನ್ನು ತೋರಿಸುವುದು ಛಾಯಾಗ್ರಾಹಕನ ಕೈಚಳಕಕ್ಕೆ ಬಿಟ್ಟ ವಿಷಯ. ಇಬ್ಬರನ್ನು ಬೇರೆ ಬೇರೆ ವ್ಯಕ್ತಿಗಳೆಂದು ನಂಬಿಸುವುದು ಮಾತ್ರ ನಟನ ಕೆಲಸ. ಅರ್ಜುನನ ಬಿಗುಮಾನ ಒಂದು ಬಗೆ, ಬಬ್ರುವಾಹನನ ಬಿಸಿರಕ್ತ ಇನ್ನೊಂದು ಬಗೆ. ತಂದೆ-ಮಗ ಸವಾಲು ಹಾಕಿಕೊಳ್ಳುವ ಹಾಡಿನಲ್ಲಿ ಒಂದು ಕಂಠ ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಸ್ವತಃ ರಾಜ್‌ಕುಮಾರ್ ಅವರದು. ಜಾತ್ರೆ, ಮದುವೆ, ಗಣೇಶನ ಪೆಂಡಾಲುಗಳಲ್ಲಿ ಆ ಹಾಡು ಮೊಳಗುತ್ತಲೇ ಬಂದಿದೆ.

ಬಬ್ರುವಾಹನನ ಬಲಕ್ಕಿಂತ ಜನರ ಮನಸ್ಸಿಗೆ ನಾಟಿದ್ದು ಅವನ ನಡತೆ. ಹಿರಿಯರ ಮುಂದೆ ತಲೆಬಾಗುತ್ತಾನೆ, ಹೆತ್ತ ತಾಯಿಗೆ ಅವಮಾನವಾದರೆ ತಲೆ ಎತ್ತುತ್ತಾನೆ. ರಾಜ್‌ಕುಮಾರ್ ತೆರೆಯಾಚೆ ನಡೆದದ್ದೂ ಹೀಗೆಯೇ. ಅಭಿಮಾನಿಗಳನ್ನು ದೇವರೆಂದು ಕರೆದು ಕೈಮುಗಿದರು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಚಳವಳಿ ನಡೆದಾಗ ತಾಯ್ನುಡಿಗಾಗಿ ಬೀದಿಗಿಳಿದರು. ಆ ಜನಬಲ ಬೆನ್ನಿಗಿದ್ದರೂ ಚುನಾವಣೆಗೆ ನಿಲ್ಲಲಿಲ್ಲ. 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದವು.

ಬೆಂಗಳೂರು ಸೇರಿದ ಮೇಲೂ ಗಾಜನೂರಿನ ನಂಟು ಬಿಡಲಿಲ್ಲ. ಆ ನಂಟೇ ಒಮ್ಮೆ ದೊಡ್ಡ ಗಂಡಾಂತರಕ್ಕೆ ದಾರಿಯಾಯಿತು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದಲೇ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿದ. ಕಾವೇರಿ ನೀರು, ಭಾಷೆಯ ವಿಷಯಗಳೂ ಅವನ ಬೇಡಿಕೆ ಪಟ್ಟಿ ಸೇರಿದವು. ಕರ್ನಾಟಕ ಕುದಿಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂದು ಎರಡನ್ನೂ ನೆಚ್ಚಿ ಬದುಕುವ ಗಡಿನಾಡಿನವರ ಪಾಲಿಗೆ ಅವು ಉಸಿರು ಬಿಗಿಹಿಡಿದ ದಿನಗಳು. 71 ವರ್ಷದ ಹಿರಿಯ ಜೀವ ಮಳೆಗಾಲದ ಕಾಡಿನಲ್ಲಿ ಅಲೆಯಬೇಕಾಯಿತು. 108 ದಿನಗಳ ನಂತರ ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ ಎರಡೂ ರಾಜ್ಯಗಳಿಗೆ ನೆಮ್ಮದಿ ಇರಲಿಲ್ಲ.

2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ಅವರು ಕೊನೆಯುಸಿರೆಳೆದರು. ಕಣ್ಣುಗಳನ್ನು ದಾನ ಮಾಡಿದರು. ಶಿವನಿಗೆ ಕಣ್ಣು ಕೊಟ್ಟ ಬೇಡನ ಪಾತ್ರದಿಂದ ಶುರುವಾದ ಬದುಕು ಹೀಗೆ ಮುಗಿಯಿತು. ಕಂಠೀರವ ಸ್ಟುಡಿಯೋದಲ್ಲಿ ಅವರ ಸಮಾಧಿಯಿದೆ.

1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪುವಾದರೆ, ತಂದೆಗೆ ಎದುರು ನಿಲ್ಲುವ ಬಾಲಕನ ಪಾತ್ರ ಕಿರಿಯ ಮಗ ಪುನೀತ್ ಪಾಲಿಗೆ ಬಂತು. 2021ರಲ್ಲಿ ಪುನೀತ್ ಕೂಡ ಅಕಾಲದಲ್ಲಿ ಅಗಲಿದರು. ಅಮೆರಿಕದ ಹುಡುಗವೀರನ ಹೊಸ ಚಿತ್ರಗಳು ಇನ್ನೂ ಬರುತ್ತವೆ, ತಾಳವಾಡಿಯ ಮಕ್ಕಳೂ ಮೊಬೈಲಿನಲ್ಲಿ ನೋಡುತ್ತಾರೆ. ಅದೇ ಮೊಬೈಲಿನಲ್ಲಿ ಬಬ್ರುವಾಹನನೂ ಸಿಗುತ್ತಾನೆ. ಅವನ ಪಾತ್ರ ಮಾಡಿದವರು ಈ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿ, ಓದು ಅರ್ಧಕ್ಕೇ ಬಿಟ್ಟು ಹೋದ ಹುಡುಗ ಎಂಬುದನ್ನು ಮಕ್ಕಳಿಗೆ ಹೇಳಬೇಕಾದವರು ಮನೆಯ ಹಿರಿಯರು.